ಮೊದಲ ಪೀಸಿನ ಒಪ್ಪಿಗೆ

ಜೂನ್ ೧೦, ಸೋಮವಾರ. ಸಂಜೆ

ನಮ್ಮ ವಾಲ್ವಿನ ಫ್ಯಾಕ್ಟರಿಗೆ ಮತ್ತೆ ಹೊಸಬರ ಬ್ಯಾಚು. ಮತ್ತೆ ನಾನೇ ಸೂತ್ರಧಾರ. ಆಫೀಸಿನವರದು ಒಂದೇ ಮಾತು — ಉಕ್ಕು ಕಾಯಿಸಿ ಬಡಿಯುವ ಫೋರ್ಜಿಂಗ್ ಶಾಪಿನ ಗದ್ದಲದಲ್ಲಿ ಹುಲಗೇಶನ ಗಂಟಲೊಂದೇ ಕೇಳುತ್ತದೆ, ಫ್ಯಾಕ್ಟರಿ ತೋರಿಸುವ ಕೆಲಸ ಅವನದೇ ಇರಲಿ. ಇರಲಿ. ಏಪ್ರನ್ ಕೊಡವಿದೆ, ಮೀಸೆ ತಿರುವಿದೆ. ಪ್ರವೇಶ.

ಮೊದಲನೆಯ ಅಂಕ, ಕಟಿಂಗ್. ಉದ್ದನೆಯ ಉಕ್ಕಿನ ಸರಳು ಬಂದು ಗೇಣುದ್ದದ ತುಂಡಾಗುತ್ತದೆ. ರಾಜಕುಮಾರ ಅರಮನೆ ಬಿಟ್ಟು ವನವಾಸಕ್ಕೆ ಹೊರಟ ಎಂದೆ. ಎರಡನೆಯ ಅಂಕ, ಅಪ್‌ಸೆಟ್ಟರ್. ತುಂಡಿನ ತುದಿಯೊಳಗೆ ಕರೆಂಟು ಹರಿಯುತ್ತದೆ, ತುದಿ ಕೆಂಪಾಗುತ್ತದೆ, ಹಿಂದಿನಿಂದ ಮಶಿನ್ನು ನೂಕಿದ ಹಾಗೆ ಕೆಂಪು ಉಬ್ಬಿ ಉಳ್ಳಾಗಡ್ಡಿಯಾಗುತ್ತದೆ. ಶಾಪಿನಲ್ಲಿ ಅದರ ಹೆಸರೇ ಉಳ್ಳಾಗಡ್ಡಿ. ಮೂರನೆಯದು ನನ್ನ ಅಂಕ. ಕೆಂಪು ಉಳ್ಳಾಗಡ್ಡಿಯನ್ನು ಚಿಮಟದಲ್ಲಿ ಹಿಡಿದು ಅಚ್ಚಿನೊಳಗೆ ಇಳಿಸು. ಪ್ರೆಸ್ಸಿನ ಒಂದೇ ಪೆಟ್ಟು... ಛತ್ರಿ ಅರಳಿತು. ತಟ್ಟೆಯಂಥ ತಲೆ, ಕಡ್ಡಿಯಂಥ ಗಿಡ್ಡ ಕಾಲು. ಆಮೇಲೆ ಆ ಗಿಡ್ಡ ಕಾಲಿಗೆ ಇನ್ನೊಂದು ಕಾಲು ಕೂಡಿಸುವುದು, ಸಾಣೆ ಹಿಡಿಯುವುದು, ಅಂಚಿಗೆ ಗಟ್ಟಿ ಲೋಹ ಹಚ್ಚುವುದು, ಕ್ರೋಮಿನ ಸ್ನಾನ. ಕಡೆಗೆ ಎಂಜಿನ್ನಿನ ದ್ವಾರಪಾಲಕನಾಗಿ ನಿಲ್ಲುವುದು. ಗಾಳಿಗೆ ಬಾಗಿಲು ತೆರೆಯುವವನೊಬ್ಬ, ಹೊಗೆಯನ್ನು ಹೊರಗೆ ಅಟ್ಟುವವನೊಬ್ಬ. ಮುಚ್ಚು ಅಂದಾಗ ಮುಚ್ಚಬೇಕು, ಕೂದಲೆಳೆಯಷ್ಟು ಸಂದಿ ಬಿಟ್ಟರೂ ಬೆಂಕಿ ಅವನನ್ನೇ ತಿನ್ನುತ್ತದೆ.

ಹುಡುಗರು ಚಪ್ಪಾಳೆ ತಟ್ಟಿದರು. ಒಬ್ಬಾಕೆ ತಟ್ಟಲಿಲ್ಲ. ನಲವತ್ತರ ಹತ್ತಿರದ ವಯಸ್ಸು, ಎಣ್ಣೆ ಹಚ್ಚಿ ಬಿಗಿದ ಜಡೆ, ಎದೆಗೆ ಅವುಚಿಕೊಂಡ ಊಟದ ಡಬ್ಬಿ. ಇಡೀ ಹೊತ್ತು ನನ್ನನ್ನು ಬಿಟ್ಟು ಪ್ರೆಸ್ಸನ್ನು ನೋಡಿದಳು. ಒಮ್ಮೆ ನನ್ನ ಮುಖ ನೋಡಿದಳು, ಗೋಡೆಯ ಮೇಲಿನ ಬೋರ್ಡು ನೋಡಿದ ಹಾಗೆ. ಅವಮಾನ. ನಾಟಕ ಕಂಪನಿಯ ಖಾಲಿ ತಂಬುವಿನಲ್ಲಿ ಪಾರ್ಟು ಮಾಡಿದ ನಮ್ಮಪ್ಪನಿಗೂ ಇಂಥದ್ದು ಆಗಿರಲಿಕ್ಕಿಲ್ಲ.

ಊಟಕ್ಕೆ ಕುಳಿತಾಗ ನಿಜಾಮುದ್ದೀನ ನಕ್ಕ. ಬೆಸುಗೆ ಮಶಿನ್ನಿನ ಆಪರೇಟರ್, ಶಾಲೆಯಿಂದ ಜೊತೆಗಿದ್ದವನು.

"ಆಕಿಗೆ ಕಿವಿ ಕೇಳಂಗಿಲ್ಲೋ ಮಾರಾಯಾ. ಭಾಗ್ಯಾ ಅಂತ, ಇನ್‌ಸ್ಪೆಕ್ಷನ್‌ಗೆ ಬಂದಾಳ. ನೀ ಇಷ್ಟೊತ್ತು ಒದರಿದ್ದು ಗ್ವಾಡಿಗೆ."

"ಮೊದಲ ಹೇಳಬಾರದೇನಲೇ?"

"ನಾಟಕ ನಡದಾಗ ನಡುವ ಮಾತಾಡಬಾರ್ದಂತ ನೀನ ಹೇಳಿದ್ದಿ."

ಜೂನ್ ೧೩, ಗುರುವಾರ

ನಮ್ಮಲ್ಲಿ ಒಂದು ಕಟ್ಟಳೆ. ಪಾಳಿ ಶುರುವಾದಾಗ ಪ್ರೆಸ್ಸಿನಲ್ಲಿ ಒಂದೇ ಒಂದು ವಾಲ್ವು ಹೊಡೆಯಬೇಕು. ಬಿಸಿ ಆರಿಸಿ, ಇನ್‌ಸ್ಪೆಕ್ಷನ್ ಟೇಬಲ್ಲಿಗೆ ನಾವೇ ಒಯ್ಯಬೇಕು. ಅದಕ್ಕೆ ಫಸ್ಟ್ ಪೀಸ್ ಅನ್ನುತ್ತಾರೆ. ಅಲ್ಲಿ ಅಳೆದು, ತಿರುಗಿಸಿ, ಭೂತಗನ್ನಡಿಯಲ್ಲಿ ನೋಡಿ ಹಸಿರು ಬಣ್ಣ ಹಚ್ಚಿ ಕೊಟ್ಟರೆ ಮಾತ್ರ ಪ್ರೆಸ್ ನಡೆಯಬೇಕು. ಕೆಂಪು ಹಚ್ಚಿದರೆ ಅಚ್ಚು ಬಿಚ್ಚಬೇಕು. ಮಾಲಕನೇ ಬಂದು ಅವಸರ ಮಾಡಿದರೂ ಅಷ್ಟೇ.

ಇವತ್ತು ಟೇಬಲ್ಲಿನ ಹಿಂದೆ ಭಾಗ್ಯಾ. ನಾನು ಎಂದಿನಂತೆ, "ದೇವಿಯರ ಚರಣಕ್ಕೆ ಮೊದಲ ಕಾಣಿಕೆ" ಅಂದೆ. ಆಕೆಗೆ ಕೇಳುವುದಿಲ್ಲ ಎಂದು ನೆನಪಾಗಿ, ಇನ್ನೂ ಜೋರಾಗಿ ಅಂದೆ. ಎಂಥ ಬುದ್ಧಿ. ಪಕ್ಕದ ಟೇಬಲ್ಲಿನವರು ಕಿವಿ ಮುಚ್ಚಿಕೊಂಡರು.

ಆಕೆ ಫೋನು ತೆಗೆದು ಟೈಪ್ ಮಾಡಿ ತೋರಿಸಿದಳು. "ಒದರಬ್ಯಾಡ್ರಿ. ಒದರಿದ್ರ ತುಟಿ ಸೊಟ್ಟ ಆಗ್ತಾವ. ಸಣ್ಣಗ ಮಾತಾಡಿದ್ರ ತುಟಿ ನೋಡಿ ತಿಳ್ಕೋತೇನಿ. ನಿಮ್ಮದು ಅದೂ ಆಗಂಗಿಲ್ಲ. ಮೀಸಿ ಅಡ್ಡ ಬರ್ತಾವ."

ಹಸಿರು ಹಚ್ಚಿ ವಾಲ್ವು ಕೊಟ್ಟಳು. ವಾಲ್ವು ಒಪ್ಪಿತವಾಯಿತು, ನಾನು ತಿರಸ್ಕೃತ.

ಜೂನ್ ೧೯, ಬುಧವಾರ. ಸಂಜೆ

ಮೀಸೆ ತೆಗೆದೆ.

ಬರೆದಷ್ಟು ಸುಲಭವಿರಲಿಲ್ಲ. ನಾಟಕದ ಮನೆತನದಲ್ಲಿ ಮೀಸೆ ಎಂದರೆ ಆಸ್ತಿ. ಅಪ್ಪ ದುರ್ಯೋಧನನ ಪಾತ್ರಕ್ಕೆ ಅಂಟಿನ ಮೀಸೆ ಮುಟ್ಟಿದವನಲ್ಲ. ಸ್ವಂತದ್ದು. ಕನ್ನಡಿಯ ಎದುರು ಬಹಳ ಹೊತ್ತು ನಿಂತೆ. ಎಲೈ ಹುಲಗೇಶ, ಯಾರ ಸಲುವಾಗಿ ಈ ತ್ಯಾಗ? ಕನ್ನಡಿ ಉತ್ತರ ಕೊಡಲಿಲ್ಲ. ನನಗೂ ಗೊತ್ತಿರಲಿಲ್ಲ ಎಂದು ಬರೆದರೆ ಅದು ಸುಳ್ಳು.

ಅವ್ವ ಚಹಾದ ಬಟ್ಟಲು ಹಿಡಿದು ಹಾಗೇ ನಿಂತಳು. ಕಂಪನಿ ನಾಟಕದಲ್ಲಿ ಶೇವಂತೆವ್ವ ಎಂದರೆ ಮಹಾರಾಣಿ. ಈಗ ಹುಬ್ಬಳ್ಳಿಯ ಗೋಪನಕೊಪ್ಪದ ಎರಡು ಕೋಣೆಯ ಸಾಮ್ರಾಜ್ಯ, ಒಬ್ಬನೇ ಪ್ರಜೆ.

"ಯಾರ ಸತ್ತಾರೋ?"

"ಯಾರೂ ಸತ್ತಿಲ್ಲ ಯವ್ವಾ. ಸೆಕಿ ಆಗಾಕತ್ತಿತ್ತು."

"ಬ್ಯಾಸಗ್ಯಾಗ ಆಗಲಾರದ ಸೆಕಿ ಮಳಿಗಾಲದಾಗ ಆತೇನು? ನಿಮ್ಮಪ್ಪ ಸತ್ತಾಗ ಸುದ್ದಾ ನೀ ಅದನ್ನ ತಗೀಲಿಲ್ಲ." ಹತ್ತಿರ ಬಂದು ಗದ್ದ ಹಿಡಿದು ಮುಖ ತಿರುಗಿಸಿ ನೋಡಿದಳು. "ಸ್ತ್ರೀ ಪಾರ್ಟಿಗೆ ಛಲೋ ಕಾಣ್ತಿ ಬಿಡು."

ಫ್ಯಾಕ್ಟರಿಯಲ್ಲಿ ನಿಜಾಮುದ್ದೀನ ಒಂದು ಕ್ಷಣ ಗುರುತೇ ಹಿಡಿಯಲಿಲ್ಲ. ಭಾಗ್ಯಾ ಹಿಡಿದಳು. ಫಸ್ಟ್ ಪೀಸ್ ಕೈಗೆ ತೆಗೆದುಕೊಳ್ಳುವ ಮೊದಲು ನನ್ನ ಮುಖ ನೋಡಿದಳು. ನಾನು ದನಿಯನ್ನು ಗಂಟಲಲ್ಲೇ ಹಿಡಿದು, "ಈಗ ತಿಳೀತದೇನ್ರಿ?" ಎಂದೆ. ಆಕೆ ಹೂಂ ಎಂದು ತಲೆಯಾಡಿಸಿದಳು. ಅಷ್ಟೇ.

ಪ್ರೆಸ್ಸಿಗೆ ಹೇಗೆ ವಾಪಸು ಬಂದೆ ಎಂಬುದು ನೆನಪಿಲ್ಲ.

ಜುಲೈ ೨, ಮಂಗಳವಾರ

ಸಣ್ಣ ದನಿಯ ವಿದ್ಯೆ ಕಲಿಯುತ್ತಿದ್ದೇನೆ. ಕಷ್ಟದ್ದು. ಅಪ್ಪ ಕಲಿಸಿದ್ದು ತಂಬುವಿನ ಕಡೆಯ ಚಾಪೆಯವನಿಗೆ ಮುಟ್ಟಿಸುವ ವಿದ್ಯೆ. ಇದು ಮೊಳದಷ್ಟು ದೂರದ ಒಬ್ಬಳಿಗೆ ಮುಟ್ಟಿಸುವುದು. ಬಾಯಿಯಲ್ಲಿ ಮಾತು ಒಂದೊಂದೇ ಇಡಬೇಕು, ಪೇಟೆಯಲ್ಲಿ ಮುದುಕಿ ಲಿಂಬೆಹಣ್ಣು ಜೋಡಿಸಿದಂತೆ.

ಆಕೆಯ ವಿಷಯ ಇವತ್ತು ಇಷ್ಟು ತಿಳಿಯಿತು. ಹುಟ್ಟು ಕಿವುಡಿ ಅಲ್ಲ. ಸಣ್ಣವಳಿದ್ದಾಗ ಜ್ವರ ಬಂದು ಹೋಯಿತು, ಹೋಗುವಾಗ ಕಿವಿ ಒಯ್ದಿತು. ಧಾರವಾಡದಲ್ಲಿ ಅಣ್ಣನ ಮನೆ. ಮದುವೆ ಆಗಿಲ್ಲ. ಬಂದವರೆಲ್ಲ ಅಣ್ಣನ ಜೊತೆ ಮಾತಾಡಿ ಹೋದರಂತೆ. "ನಿಮ್ಮದು?" ಎಂದು ಟೈಪ್ ಮಾಡಿದಳು. ನಾಟಕದವರ ಮಗನಿಗೆ ಹೆಣ್ಣು ಕೊಡುವವರು ಯಾರು, ಕೊಡುವವರು ಸಿಗುವ ಹೊತ್ತಿಗೆ ತಲೆ ನರೆತಿತ್ತು ಎಂದೆ. ನಕ್ಕಳು. ನಗುವಾಗ ಆಕೆಗೆ ದನಿ ಇಲ್ಲ. ಭುಜ ಮಾತ್ರ ಕುಣಿಯುತ್ತದೆ.

ನಿಜಾಮುದ್ದೀನನ ಮಶಿನ್ನಿನ ಹತ್ತಿರ ನಿಂತಿದ್ದೆ. ಹೊಗೆ ಹೋಗುವ ಕಡೆಯ ವಾಲ್ವಿಗೆ ಎರಡು ಜಾತಿಯ ಉಕ್ಕು. ತಲೆ ಬೆಂಕಿ ತಡೆಯುವಂಥದ್ದು, ಕಾಲು ಸವೆತ ತಡೆಯುವಂಥದ್ದು. ಅಂಟಿಲ್ಲ, ನಡುವೆ ಮೂರನೆಯ ಲೋಹವಿಲ್ಲ. ಒಂದು ಗಿರಗಿರನೆ ತಿರುಗುತ್ತದೆ, ಇನ್ನೊಂದು ಅಲುಗದೆ ನಿಲ್ಲುತ್ತದೆ, ಒತ್ತಿದರೆ ಉಜ್ಜಿದ ಬಿಸಿಗೇ ಎರಡೂ ಒಂದಾಗುತ್ತವೆ. ನೋಡುತ್ತ ನಿಂತಿದ್ದು ಅವನಿಗೆ ಕಂಡಿತು.

"ಏನ್ ನೋಡಾಕತ್ತಿ ಹುಲಗ್ಯಾ? ನೀ ಏನೋ ತಿರಗಾಕತ್ತೀದಿ, ಖರೇ. ಎದುರಿಂದು ನಿಂತೈತೋ ಇಲ್ಲೋ, ಅದನ್ನ ಮೊದಲ ಖಾತ್ರಿ ಮಾಡ್ಕೋ. ಇಲ್ಲಾಂದ್ರ ಬರೇ ಕಿಡಿ ಹಾರ್ತಾವ."

ಜುಲೈ ೧೫, ಸೋಮವಾರ. ಸಂಜೆ

ಫ್ಯಾಕ್ಟರಿ ಹತ್ತಿರದ ರಾಯಾಪುರ, ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನ ಸ್ಟಾಪ್. ನಡುರಸ್ತೆಯಲ್ಲಿ ಒಂದೇ ಕಟ್ಟೆ, ಒಂದು ಬದಿಗೆ ಧಾರವಾಡದ ಬಸ್ಸು, ಇನ್ನೊಂದು ಬದಿಗೆ ಹುಬ್ಬಳ್ಳಿಯದು. ಆಕೆ ಅತ್ತ, ನಾನು ಇತ್ತ. ಯಾರ ಬಸ್ಸು ಮೊದಲು ಬರುತ್ತದೋ ಅಲ್ಲಿಯವರೆಗೆ ಒಂದೇ ಬೆಂಚು.

ನನ್ನ ಬಸ್ಸು ಬಂತು. ಬಿಟ್ಟೆ. ಇನ್ನೊಂದು ಬಂತು. ಅದನ್ನೂ ಬಿಟ್ಟೆ. ಸೀಟಿಲ್ಲ ಎಂದೆ. ಬಸ್ಸು ಅರ್ಧ ಖಾಲಿ ಇತ್ತು, ಆಕೆಗೂ ಕಾಣುತ್ತಿತ್ತು.

ಆಮೇಲೆ ಧಾರವಾಡದ್ದು ಬಂತು. ಬಾಗಿಲು ತೆರೆಯಿತು. ಆಕೆ ಏಳಲಿಲ್ಲ. ಡಬ್ಬಿಯ ಮುಚ್ಚಳವನ್ನು ಬಿಚ್ಚಿ ಮತ್ತೆ ಹಾಕಿದಳು. ಬಾಗಿಲು ಮುಚ್ಚಿತು.

ಇದಕ್ಕಿಂತ ಹೆಚ್ಚು ಏನೂ ನಡೆಯಲಿಲ್ಲ. ಆದರೆ ನಾನು ನಾಟಕದವನು, ಒಬ್ಬರು ಎದ್ದು ಹೋಗಬೇಕಾದಲ್ಲಿ ಹೋಗದಿದ್ದರೆ ಅದರ ಅರ್ಥ ಗೊತ್ತು. ಗೊತ್ತು ಎಂದುಕೊಂಡಿದ್ದೇನೆ.

ಅವ್ವನಿಗೆ ಹೇಳಬೇಕು. ಬಹಳ ದಿನ ಕಾಯುವ ವಯಸ್ಸಲ್ಲ ಇದು.

ಜುಲೈ ೨೮, ರವಿವಾರ. ರಾತ್ರಿ ಊಟದ ಮೊದಲು

ಜಯ. ದಿಗ್ವಿಜಯ.

ಅವ್ವ ದುರ್ಗದಬೈಲಿನ ಪೇಟೆಯಿಂದ ಕುಪ್ಪಸದ ಖಣ ತರಿಸಿದ್ದಳು, ಪೇಡೆ ಕಟ್ಟಿಸಿದ್ದಳು. ಇಬ್ಬರೂ ಧಾರವಾಡಕ್ಕೆ ಹೋದೆವು. ಭಾಗ್ಯಾಳ ಅಣ್ಣ ಶಶಿಕುಮಾರ, ಶಿಕ್ಷಣ ಇಲಾಖೆಯಲ್ಲಿ ಗುಮಾಸ್ತ. ಮೆತ್ತನೆಯ ಮನುಷ್ಯ. ಹೆಂಡತಿ ಮಾಯಾ. ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರು. ನಾವು ಬರುವುದು ಫೋನಿನಲ್ಲಿ ಶಶಿಕುಮಾರರಿಗೆ ಹೇಳಿದ್ದೆ. ಭಾಗ್ಯಾ ಒಳಗೆ ಚಹಾ ಮಾಡುತ್ತಿದ್ದಳು.

ಕುಳಿತು ಮಾತಾಡೋಣವೆಂದಿದ್ದೆ. ಆಗಲಿಲ್ಲ. ಎದ್ದು ನಿಂತೆ. ನಿಂತ ಮೇಲೆ ಮಾತು ತಾನಾಗಿ ಬಂತು, ಎಷ್ಟೋ ವಾರ ಗಂಟಲಲ್ಲಿ ಕಟ್ಟಿಹಾಕಿದ್ದೆಲ್ಲ. ಕಾಗೆ ಗೂಡಿನಂಥ ತಂಬುವಿನಲ್ಲಿ ಹುಟ್ಟಿದ ನಾನು ಹೇಗೆ ಬೆಂಕಿಯ ಮುಂದೆ ನಿಂತು ಅನ್ನ ಗಳಿಸಿದೆ ಎಂದೆ. ನಿಮ್ಮ ತಂಗಿಗೆ ನಾನು ಕಿವಿಯಾಗುತ್ತೇನೆ ಎಂದೆ. ರೆಪ್ಪೆ ಕಣ್ಣನ್ನು ಕಾದಂತೆ ಕಾಯುತ್ತೇನೆ, ಈ ಎದೆಯನ್ನು ಕೋಟೆ ಮಾಡುತ್ತೇನೆ ಎಂದೆ. ದನಿ ಏರಿಸಿದೆ, ಇಳಿಸಿದೆ, ಒಂದು ಕಡೆ ನಡುಗಿಸಿದೆ. ಮಾಯಾ ಸೆರಗಿನಿಂದ ಕಣ್ಣೊರೆಸಿಕೊಂಡರು. ಶಶಿಕುಮಾರ ಎದ್ದು ಅಪ್ಪಿಕೊಂಡರು.

"ಹುಲಗೇಶ ಅವರ, ಆಕಿ ಸಲುವಾಗಿ ಇಷ್ಟು ಮಾತು ಇವತ್ತಿನತನಾ ಯಾರೂ ಆಡಿದ್ದಿಲ್ಲರಿ. ನಮ್ಮದು ಒಪ್ಪಿಗಿ ಐತಿ. ನಾವು ಪಂಚಾಂಗ ಗಿಂಚಾಂಗ ನೋಡಂಗಿಲ್ಲ. ಬುದ್ಧ ವಿಹಾರದಾಗ ಸಾದಾ ಮದುವಿ. ರವಿವಾರ ಬಿಡುವ ಇರ್ತೈತಿ."

ಅವ್ವ ಎಲ್ಲರ ಕೈಗೂ ಸಕ್ಕರೆ ಹಾಕಿದಳು. ಅಷ್ಟರಲ್ಲಿ ಭಾಗ್ಯಾ ಚಹಾದ ತಾಟು ಹಿಡಿದು ಹೊರಗೆ ಬಂದಳು. ಎಲ್ಲರೂ ನಗುತ್ತಿದ್ದರು. ಒಬ್ಬೊಬ್ಬರ ಮುಖ ನೋಡಿದಳು. ಅವ್ವ ಆಕೆಯ ಅಂಗೈಗೂ ಸಕ್ಕರೆ ಹಾಕಿದಳು. ಆಕೆ ಸಕ್ಕರೆ ನೋಡುತ್ತ ತಲೆ ತಗ್ಗಿಸಿದಳು.

ಲಜ್ಜೆ. ಎಷ್ಟು ಚಂದ.

ಜುಲೈ ೨೯, ಸೋಮವಾರ

ಲಜ್ಜೆ ಅಲ್ಲ.

ಫಸ್ಟ್ ಪೀಸ್ ಒಯ್ದೆ. ಶೀಟಿ ಹೊಡೆಯುತ್ತ ಹೋಗಿದ್ದೆ. ಆಕೆ ವಾಲ್ವು ಮುಟ್ಟಲಿಲ್ಲ. ಫೋನು ಮುಂದೆ ಹಿಡಿದಳು, ಮೊದಲೇ ಬರೆದಿಟ್ಟಿದ್ದಳು.

"ಫಸ್ಟ್ ಪೀಸಿಗೆ ಹಸರ ಹಚ್ಚಿಸಿಕೊಳ್ಳದ ಒಂದರ ವಾಲ್ವ್ ಹೊಡೀತೀರೇನ್ರಿ?"

ಇಲ್ಲ ಎಂದೆ. ಹಾಗೆ ಹೊಡೆದವನು ಗೇಟಿನ ಹೊರಗೆ.

ಫೋನು ಹಿಂದಕ್ಕೆ ಎಳೆದುಕೊಂಡು ಇನ್ನೊಂದು ಸಾಲು ಬರೆದಳು. "ನಿನ್ನೆ ಹೊಡದ್ರಿ. ನನ್ನ ಮದುವಿ ಅಂತ ನನಗ ಗೊತ್ತಾಗಿದ್ದು ಎಲ್ಲಾರ್ಕಿಂತ ಕಡೀಕೆ. ಮಾಯಾ ವೈನಿ ಪಾತ್ರೆ ತಿಕ್ಕುವಾಗ ಹೇಳಿದ್ರು."

ಆಮೇಲೆ ವಾಲ್ವು ತೆಗೆದುಕೊಂಡಳು. ಅಳೆದಳು. ತಿರುಗಿಸಿದಳು. ಸಿಟ್ಟು ನನ್ನ ಮೇಲೆ, ಕಬ್ಬಿಣದ ಮೇಲಲ್ಲ. ಹಸಿರು ಹಚ್ಚಿ ಟೇಬಲ್ಲಿನ ಅಂಚಿಗಿಟ್ಟಳು. ಕೈಗೆ ಕೊಡಲಿಲ್ಲ.

ಇಷ್ಟು ದಿನ ಕಲಿತ ಸಣ್ಣ ದನಿ ಆ ಮನೆಯ ಹೊಸ್ತಿಲಲ್ಲಿ ಎಲ್ಲಿ ಬಿದ್ದುಹೋಯಿತು? ಒಳಗಿನ ಕೋಣೆಯಲ್ಲಿ ಆಕೆ ಇದ್ದಳು. ನಾಲ್ಕು ಹೆಜ್ಜೆ. ಮೊದಲು ಅಲ್ಲಿಗೆ ಹೋಗಬಹುದಿತ್ತು. ಪ್ರೇಕ್ಷಕರು ಕಂಡರು, ರಂಗಕ್ಕೆ ಹಾರಿದೆ.

ಜುಲೈ ೩೧, ಬುಧವಾರ

ಶಶಿಕುಮಾರರ ಫೋನು. ಉತ್ಸಾಹ ಉಕ್ಕುತ್ತಿತ್ತು. ವಿಹಾರದಲ್ಲಿ ಆಗಸ್ಟ್ ಕಡೆಯ ರವಿವಾರ ಬಿಡುವಿದೆ, ಹೂಂ ಎಂದರೆ ಹೇಳಿಬಿಡುತ್ತೇನೆ ಎಂದರು.

"ಸರ್, ಭಾಗ್ಯಾ ಅವರನ್ನ ಕೇಳಿದ್ರಿಲ್ಲೋ?"

"ಆಕೀ ಏನ್ ಅಂತಾಳ್ರಿ? ಸಣ್ಣಾಕಿ ಇದ್ದಾಗಿಂದ ಆಕಿ ಪರವಾಗಿ ನಾವ ಮಾತಾಡ್ಕೋತ ಬಂದೇವಿ. ನಾವು ಹೂಂ ಅಂದ್ರ ಆಕೀದೂ ಹೂಂ."

ನನಗೆ ಬೇಕಾದದ್ದು ಕೈಗೆ ಬಂದು ನಿಂತಿತ್ತು. ಸುಮ್ಮನಿದ್ದರೆ ಸಾಕು. ಕಡೆಯ ರವಿವಾರ, ಹಾರ, ಊಟ. ಸುಮ್ಮನಿರುವುದನ್ನೇ ಅಲ್ಲವೇ ಇಷ್ಟು ದಿನ ಕಲಿತದ್ದು.

"ಸರ್, ಬ್ಯಾಡ್ರಿ. ರವಿವಾರ ಆಡಿದ್ದನ್ನ ನಾ ಹೊಳ್ಳಿ ತಗೊಳ್ಳಾಕತ್ತೇನಿ."

"ಮನೀಗೆ ಬಂದು, ಸಕ್ಕರಿ ಹಂಚಿ, ಈಗ ಹಿಂಗಂದ್ರ? ಹೆಣಮಗಳು ಅಂದ್ರ ಆಟಾ ಅಂತ ತಿಳದೀರೇನು?" ಅಂದರು. ಅವರ ಮಾತಿನಲ್ಲಿ ತಪ್ಪಿಲ್ಲ. ಆಕೆಯನ್ನು ಕೇಳದೆ ಬಂದದ್ದು ನನ್ನ ತಪ್ಪು ಎಂದೆ. ಕೇಳಿಸಿಕೊಂಡರೋ ಇಲ್ಲವೋ, ಫೋನು ಇಟ್ಟರು.

ಅವ್ವ ಒಲೆಯ ಮುಂದಿನಿಂದ ಏಳಲಿಲ್ಲ. "ನಾ ಸಕ್ಕರಿ ಹಾಕಿದ ಕೈಲೆ ಈಗ ಅವರ ಮುಂದ ಏನ್ ಹಾಕ್ಲಿ?" ಎಂದಳು. ಅಷ್ಟೇ. ಮಹಾರಾಣಿಯಂತೆ ಗರ್ಜಿಸಿದ್ದರೆ ತಡೆದುಕೊಳ್ಳುತ್ತಿದ್ದೆ.

ಆಗಸ್ಟ್ ೧೨, ಸೋಮವಾರ. ಸಂಜೆ

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಏನಿತ್ತು. ಫಸ್ಟ್ ಪೀಸ್ ಒಯ್ದೆ, ಹಸಿರು ಬಂತು. ಒಯ್ದೆ, ಬಂತು. ಒಂದು ದಿನ ಕೆಂಪು ಬಂತು, ಅಚ್ಚಿನಲ್ಲಿ ಖರೇನೇ ಸಣ್ಣ ಬಿರುಕಿತ್ತು. ಬಸ್ ಸ್ಟಾಪಿನಲ್ಲಿ ಕಟ್ಟೆಯ ಆ ತುದಿಗೆ ಆಕೆ, ಈ ತುದಿಗೆ ನಾನು. ನಿಜಾಮುದ್ದೀನ ಸಹ ಕಾಲೆಳೆದು ಚಾಷ್ಟಿ ಮಾಡುವುದು ಬಿಟ್ಟಿದ್ದ. ಅದು ಎಲ್ಲಕ್ಕಿಂತ ಭಾರ.

ಇವತ್ತು ಆಕೆ ಬಂದು ಬೆಂಚಿನ ಮೇಲೆ ಕುಳಿತಳು. ನನ್ನ ಕಡೆ ಮುಖ ಮಾಡಿ. ಫೋನು.

"ಹೊಳ್ಳಿ ತಗೊಂಡ್ರಂತ. ಅಣ್ಣ ಇನ್ನೂ ಬೈಯಾಕತ್ತಾನ ನಿಮಗ. ನನ್ನ ಕೇಳಿದ್ರಿಲ್ಲೋ ಅಂದದ್ದನ್ನ ಮಾತ್ರ ಅಂವಾ ಹೇಳಿದ್ದಿಲ್ಲ. ವೈನಿ ಹೇಳಿದ್ರು." ಆಮೇಲೆ ಇನ್ನೊಂದು ಸಾಲು. "ಅವತ್ತ ಅಷ್ಟೊತ್ತು ಏನ್ ಮಾತಾಡಿದ್ರಿ? ವೈನಿ ಅತ್ತರಂತ. ನನಗೂ ಹೇಳ್ರಿ. ಎಲ್ಲಾ. ಸಣ್ಣಗ."

ಹೇಳಿದೆ. ಸಂಜೆಯ ಕಟ್ಟೆ, ಸುತ್ತ ಪಾಳಿ ಬಿಟ್ಟ ಜನ. ತಂಬುವಿನ ಕಥೆ, ಬೆಂಕಿಯ ಕಥೆ, ರೆಪ್ಪೆ, ಕೋಟೆ. ದನಿ ಏರಿಸುವಂತಿಲ್ಲ, ನಡುಗಿಸುವಂತಿಲ್ಲ. ತುಟಿಯಷ್ಟೇ. ಹೇಳುತ್ತ ಹೋದಂತೆ ಮಾತುಗಳು ಬಣ್ಣ ತೊಳೆದ ಮುಖದಂತೆ ಕಾಣತೊಡಗಿದವು. ಅಲ್ಲಿ ಮಾಯಾರನ್ನು ಅಳಿಸಿದ ಸಾಲು ಇಲ್ಲಿ ನನಗೇ ನಾಚಿಕೆ ತಂದಿತು.

ನಿಮ್ಮ ಕಿವಿಯಾಗುತ್ತೇನೆ ಎಂದಲ್ಲಿ ಆಕೆ ಕೈ ಎತ್ತಿ ತಡೆದಳು. "ಕಿವಿ ಎರಡ ಅದಾವು ನನಗ. ಕೇಳಂಗಿಲ್ಲ, ಅಷ್ಟ. ಇನ್ನೆರಡ ತಗೊಂಡು ಏನ್ ಮಾಡ್ಲಿ?"

ಪೂರ್ತಿ ಮುಗಿದ ಮೇಲೆ ಮತ್ತೆ ಫೋನು ಎತ್ತಿದಳು. ಬರೆದದ್ದು ಇಷ್ಟು. "ಛಲೋ ಐತಿ. ನಿಮ್ಮಪ್ಪ ಅದಾರ, ನಿಮ್ಮ ಎದಿ ಐತಿ, ಬೆಂಕಿ ಐತಿ. ಇದರಾಗ ನಾ ಎಲ್ಲಿದ್ದೇನಿ?"

ಬಾಯಿ ತೆರೆದೆ. ನನ್ನ ಜೀವಮಾನದಲ್ಲಿ ಮೊದಲ ಸಲ ಮಾತು ಮುಂದೆ ಬರಲಿಲ್ಲ. ಮಾತು ಎತ್ತಿಕೊಡುವ ಪ್ರಾಂಪ್ಟರನಿಲ್ಲ, ಪರದೆಯಿಲ್ಲ. ಧಾರವಾಡದ ಬಸ್ಸು ಬಂತು. ಆಕೆ ಹತ್ತಿ ಹೋದಳು.

ಆಗಸ್ಟ್ ೧೭, ಶನಿವಾರ

ಊಟದ ಬಿಡುವಿನಲ್ಲಿ ಮೆಸೇಜು. "ನಾಳೆ ನಿಮ್ಮ ಮನಿ ನೋಡಾಕ ಬರ್ತೇನಿ. ಒಬ್ಬಾಕಿನ. ಅಣ್ಣಗ ಹೇಳೇನಿ, ಸಿಟ್ಟಿಗೆದ್ದಾನ, ಏಳಲಿ. ನಿಮ್ಮ ಅವ್ವಾರಿಗೆ ಸಕ್ಕರಿ ತರಬ್ಯಾಡ ಅಂತ ಹೇಳ್ರಿ."

ಅವ್ವನಿಗೆ ಓದಿ ಹೇಳಿದೆ.

"ಹೆಣ್ಣ ಬಂದು ಗಂಡಿನ ಮನಿ ನೋಡೂದು? ಒಬ್ಬಾಕಿನ?"

"ಹೂಂ."

"ಯಾವ ನಾಟಕದಾಗೂ ಇಲ್ಲಲ್ಲೋ ಇದು." ಆಮೇಲೆ ಎದ್ದು ಪೊರಕೆ ಹುಡುಕಿದಳು. "ಪಡಸಾಲ್ಯಾಗ ನಿನ್ನ ಚಡ್ಡಿ ಒಣಗಾಕತ್ತಾವ, ಮೊದಲ ತಗೀ."

ಆಗಸ್ಟ್ ೧೮, ರವಿವಾರ. ಮಧ್ಯಾಹ್ನ

ಬಂದು ಹೋದಳು. ಈಗಷ್ಟೇ ಸ್ಟಾಪಿನವರೆಗೆ ಬಿಟ್ಟು ಬಂದೆ. ಚಪ್ಪಲಿ ಬಿಚ್ಚದೆ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟರೆ ಕೆಡಲಿ.

ಮೊದಲು ಅವ್ವನ ಪ್ರವೇಶ. ಕಿವಿ ಕೇಳದವರಿಗೆ ದೊಡ್ಡ ಅಭಿನಯ ಬೇಕೆಂದು ಆಕೆಗೆ ಯಾರು ಹೇಳಿದರೋ. ಬಾಗಿಲಲ್ಲಿ ನಿಂತು ಎರಡೂ ಕೈ ಚಾಚಿ, ಬಾಗಿ, ಸಿಂಹಾಸನ ತೋರಿಸುವಂತೆ ಪ್ಲಾಸ್ಟಿಕ್ ಕುರ್ಚಿ ತೋರಿಸಿದಳು. ನೀರು ಬೇಕೇ ಎಂದು ಕೇಳಲು ಇಡೀ ಹೊಳೆಯನ್ನೇ ಕುಡಿದು ತೋರಿಸಿದಳು. ಭಾಗ್ಯಾಳ ಭುಜ ಕುಣಿಯತೊಡಗಿತು. ತನ್ನ ತುಟಿ ಮುಟ್ಟಿ ತೋರಿಸಿದಳು, ಸುಮ್ಮನೆ ಮಾತಾಡಿದರೆ ಸಾಕು ಎಂಬಂತೆ. ಅವ್ವ ಸೋತು ಕುಳಿತಳು. "ಬಾ ಯವ್ವಾ. ಕುಂಡ್ರು. ಬಿಸಲಾಗ ಬಂದಿ." ಇಷ್ಟು ಸಣ್ಣ ದನಿ ಅವ್ವನ ಬಾಯಿಂದ ನಾನು ಕೇಳಿದ್ದೇ ಇಲ್ಲ.

ಆಮೇಲೆ ಇನ್‌ಸ್ಪೆಕ್ಷನ್. ಅಡುಗೆ ಮನೆಯ ಡಬ್ಬಿ ತೆರೆದು ನೋಡಿದಳು. ಬಚ್ಚಲಿನ ಚಿಲಕ ಹಾಕಿ ತೆಗೆದಳು. ಕಿಟಕಿಯಿಂದ ಯಾರ ಮನೆ ಕಾಣುತ್ತದೆ ಎಂದು ನೋಡಿದಳು. ರವಿವಾರ ಅಡುಗೆ ಯಾರದು ಎಂದು ಕೇಳಿದಳು. ನನ್ನದು ಎಂದೆ. ನಾನು ಮಾಡಿದ ಕಡಲೆಹಿಟ್ಟಿನ ಝುಣಕ ತಿಂದು ನೋಡಿ, ಉಪ್ಪು ಜಾಸ್ತಿ ಎಂದು ಬೆರಳಲ್ಲಿ ತೋರಿಸಿದಳು. ಪೂರ್ತಿ ತಿಂದಳು.

ಅವ್ವ ಪಕ್ಕದ ಗುಲ್ಜಾರಬಿಯ ಮನೆಗೆ ಹೊರಟಳು, ಕೊತ್ತಂಬರಿ ಬೇಕೆಂದು. ಮನೆಯಲ್ಲಿ ಕೊತ್ತಂಬರಿ ಇತ್ತು.

ಭಾಗ್ಯಾ ನನ್ನ ಎದುರಿಗೆ ಕುಳಿತು ಫೋನು ತೋರಿಸಿದಳು. "ಯಾಕ ನಾನು?"

ಐದು ದಿನ ಇದೇ ಪ್ರಶ್ನೆಗೆ ತಯಾರಿ ಮಾಡಿದ್ದೆ, ಹಾಳೆಯ ಮೇಲೆ ಹಾಳೆ. ಒಂದೂ ನೆನಪಾಗಲಿಲ್ಲ. ಬಂದದ್ದು ಹೇಳಿದೆ.

"ನಾ ಎಲ್ಲೇ ಹೋದ್ರೂ ಮೊದಲ ಯಾವದರ ಪಾತ್ರ ಹಾಕ್ಕೊಂಡ ಹೋಗ್ತೇನ್ರಿ. ನೀವು ಮಾರಿ ನೋಡಿದಾಗ ಮಾತ್ರ ಒಳಗ ನಾನ ಇರ್ತೇನಿ. ಅದು ನನಗ ಬೇಕಾಗೇತಿ. ನಿಮಗ ಏನ್ ಬೇಕು ಅನ್ನೂದು ನನಗ ಗೊತ್ತಿಲ್ಲ. ಅದನ್ನ ಕೇಳಬೇಕಿತ್ತು. ಈಗ ಕೇಳಾಕತ್ತೇನಿ."

ಇನ್ನೊಮ್ಮೆ ಎಂದು ಬೆರಳು ತಿರುಗಿಸಿದಳು. ಇನ್ನೊಮ್ಮೆ ಹೇಳಿದೆ. ತುಟಿಯಿಂದ ಕಣ್ಣು ತೆಗೆಯಲಿಲ್ಲ.

ಬರೆಯುತ್ತ ಬಹಳ ಹೊತ್ತು ತೆಗೆದುಕೊಂಡಳು. ಅಳಿಸಿದಳು, ಬರೆದಳು. "ನನ್ನ ಕೇಳಿ ಮಾತಾಡೂ ಮನಿ ಬೇಕು. ಅಣ್ಣಗ ನಾನ ಹೇಳ್ತೇನಿ. ನೀವು ನಡುವ ಬರಬ್ಯಾಡ್ರಿ."

"ಏನಂತ ಹೇಳ್ತೀರಿ?"

"ಹೂಂ ಅಂತ."

ನಾನು ಏಳಲು ಹೋದೆ, ಕುಳಿತೆ, ಮತ್ತೆ ಏಳಲು ಹೋದೆ. ಆಕೆ ಕೈ ಹಿಡಿದು ಕೂರಿಸಿದಳು. ಇನ್ನೂ ಬರೆಯುವುದಿತ್ತು.

"ನಿಮ್ಮ ಪ್ರೆಸ್ಸಿನ ಪೆಟ್ಟು ನೆಲದಾಗಿಂದ ನನ್ನ ಟೇಬಲ್ಲಿಗೆ ಬರ್ತೈತಿ. ಬಾಜೂಕಿನ ಪ್ರೆಸ್ಸಿಂದು ಬ್ಯಾರೆ, ನಿಮ್ಮದು ಬ್ಯಾರೆ. ನೀವು ರಜಾ ಹಾಕಿದ್ರ ಕೈಗೆ ಗೊತ್ತಾಗ್ತೈತಿ. ಆದ್ರ ನಿಮ್ಮ ದನಿ ಹೆಂಗೈತಂತ ಗೊತ್ತಿಲ್ಲ. ಊರೆಲ್ಲಾ ಅದರ ಮಾತ ಆಡ್ತಾರ."

ಫೋನು ಕೆಳಗಿಟ್ಟಳು. ಅಂಗೈಯನ್ನು ತಂದು ನನ್ನ ಎದೆಯ ನಡುವೆ ಇಟ್ಟಳು. ದಿನವೂ ಕಬ್ಬಿಣ ಹಿಡಿದು ಒರಟಾದ ಬೆರಳು. ಗದ್ದ ಮೇಲೆತ್ತಿದಳು, ಶುರು ಮಾಡು ಎಂಬಂತೆ.

ಯಾವ 'ಡೈಲಾಗೂ' ಬರಲಿಲ್ಲ. ಆಕೆಯ ಹೆಸರು ಕರೆದೆ. ಪೂರ್ತಿ ದನಿಯಲ್ಲಿ, ಎಷ್ಟಿತ್ತೋ ಅಷ್ಟೂ. ಮಾಡಿನ ತಗಡು ಅದುರಿತು. ಓಣಿಯ ನಾಯಿ ಬೊಗಳಿತು. ಗುಲ್ಜಾರಬಿಯ ಮನೆಯಿಂದ ಅವ್ವ, "ಏನಾತೋ?" ಎಂದು ಕೂಗಿದಳು. ಭಾಗ್ಯಾ ಕಣ್ಣು ಮುಚ್ಚಿಕೊಂಡಿದ್ದಳು. ಕೈ ತೆಗೆಯಲಿಲ್ಲ. ಇನ್ನೊಮ್ಮೆ ಎಂದು ಬೆರಳಿಂದ ತಟ್ಟಿದಳು. ಇನ್ನೊಮ್ಮೆ ಕರೆದೆ. ಮತ್ತೊಮ್ಮೆ.

ಆಮೇಲೆ ದನಿ ಇಳಿಸಿ ಒಂದು ಮಾತು ಹೇಳಿದೆ. ಆಕೆಯ ಕಣ್ಣು ಮುಚ್ಚಿತ್ತು, ತುಟಿ ನೋಡುವಂತಿರಲಿಲ್ಲ. ಅಂಗೈಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಆದರೂ ಹೇಳಿದೆ. ಹೇಳಿದ್ದು ಏನೆಂದರೆ— ಬೇಡ, ಅದು ಮೊದಲು ಆಕೆಗೆ ತಿಳಿಯಲಿ, ಆಮೇಲೆ ಈ ಹಾಳೆಗೆ.